ಕೊಚ್ಚಿ: ವರ್ತಕರು ನೋಡಬೇಕಾದ ಹಳೆಯ ಬಂದರು

ಫೋರ್ಟ್ ಕೊಚ್ಚಿ ಹಾಗೂ ಮಟ್ಟಾಂಚೇರಿಗಳನ್ನು ಮಾರ್ಗದರ್ಶಿಯೊಡನೆ ಒಂದೇ ದಿನದಲ್ಲಿ ಸುತ್ತಿಬರಬಹುದು. ಚೀನಾ ಬಲೆಗಳ ತೀರದ ಸಮೀಪದಲ್ಲೇ ಸಂತ ಫ್ರಾನ್ಸಿಸ್ ಚರ್ಚ್ ಇದೆ. 1524ರಲ್ಲಿ ಕೊಚ್ಚಿಯಲ್ಲಿ ನಿಧನನಾದ ವಾಸ್ಕೋ ಡ ಗಾಮನನ್ನು ಮೊದಲು ಸಮಾಧಿ ಮಾಡಿದ್ದು ಇಲ್ಲಿಯೇ. ಕಾಳುಮೆಣಸನ್ನು ಅರಸಿ ಬಂದ ಪೋರ್ಚುಗೀಸರನ್ನು 1663ರಲ್ಲಿ ಡಚ್ಚರೂ, ಡಚ್ಚರನ್ನು 1795ರಲ್ಲಿ ಇಂಗ್ಲಿಷರೂ ಹೊರದೂಡಿದರು.

ಮಟ್ಟಾಂಚೇರಿಯ ಗೋದಾಮುಗಳು ಹಿನ್ನೀರಿಗೆ ತಾಗಿ ನಿಂತಿವೆ. ಸರಕು ದೋಣಿಗಳಲ್ಲಿಯೇ ಸಾಗುತ್ತಿತ್ತು. ಇಲ್ಲಿನ 1568ರ ಯಹೂದಿ ಸಿನಗಾಗ್ ಶನಿವಾರ ತೆರೆದಿರುವುದಿಲ್ಲ.

ಅಳಿವೆಯ ಮರಳುದಿಬ್ಬದಿಂದಾಗಿ ದೊಡ್ಡ ಹಡಗುಗಳು ಹೊರಗಡಲಲ್ಲೇ ಲಂಗರು ಹಾಕಬೇಕಿತ್ತು. 1920ರ ದಶಕದಲ್ಲಿ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಆ ದಿಬ್ಬವನ್ನು ಕಡಿಸಿದರು. ಮುಂದೆ ಒಳಬಂದರಿನಿಂದ ತೆಗೆದ ಹೂಳೇ ವಿಲಿಂಗ್ಡನ್ ದ್ವೀಪವಾಯಿತು. ಹಡಗುಗಳೊಡನೆ ವಹಿವಾಟೂ ಕ್ರಮೇಣ ಅತ್ತ ಸರಿಯಿತು. ವಲ್ಲಾರ್‌ಪಾಡಂ ಕಂಟೇನರ್ ಟರ್ಮಿನಲ್ 2011ರಲ್ಲಿ ಆರಂಭಗೊಂಡಿತು.

ಹಳೆಯ ಊರು ಮಾತ್ರ ಪಾಳುಬೀಳಲಿಲ್ಲ. ಒಂದು ಕಾಲದ ವ್ಯಾಪಾರಿ ಸಂಸ್ಥೆಯ ನೆಲೆಯಾದ ಆಸ್ಪಿನ್‌ವಾಲ್ ಹೌಸ್ 2012ರಲ್ಲಿ ಮೊದಲ ಕೊಚ್ಚಿ ಬಿನಾಲೆ ಕಲಾಪ್ರದರ್ಶನಕ್ಕೆ ವೇದಿಕೆಯಾಯಿತು. ಹಲವು ಗೋದಾಮುಗಳು ಇಂದು ಪ್ರವಾಸಿಗರಿಂದ ಆದಾಯ ಪಡೆಯುತ್ತಿವೆ.

ಕರಾವಳಿಗೆ ಈ ಪಾಠ ಹೊರಗಿನದಲ್ಲ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಪ್ರಮುಖ ಬಂದರೆಂದು ಘೋಷಿತವಾಯಿತು. ದೊಡ್ಡ ಹಡಗುಗಳು ಅಲ್ಲಿಗೇ ಬರುತ್ತವೆ. ಮಂಗಳೂರಿನ ಹಳೆಯ ಬಂದರಿನ ಗೋದಾಮುಗಳನ್ನು ಕೆಡವುವ ಮುನ್ನ ಅವುಗಳ ಒಡೆಯರು ಒಮ್ಮೆ ಮಟ್ಟಾಂಚೇರಿಯನ್ನು ನೋಡಿಬರುವುದು ಲಾಭದಾಯಕ.