ಮೆಟ್ನರನ ಪಿಯಾನೋ ಸಂಗೀತವೂ ಮೈಸೂರಿನ ಅರಸರೂ

ಪುರಭವನದ ಬಳಿಯ ಜಯಚಾಮರಾಜೇಂದ್ರ ರಸ್ತೆಯಲ್ಲಿ ಮೋಟಾರಿನ ಬಿಡಿಭಾಗಕ್ಕಾಗಿ ಅಂಗಡಿಯಿಂದ ಅಂಗಡಿಗೆ ಅಲೆಯದವರು ನಮ್ಮ ಓದುಗರಲ್ಲಿ ವಿರಳ. ಆ ಹೆಸರಿನ ಪ್ರಭುಗಳು ಶ್ರೀವಿದ್ಯಾ ಮುದ್ರಿಕೆಯಲ್ಲಿ 94 ಕೃತಿಗಳನ್ನು ರಚಿಸಿದರೆಂಬುದನ್ನು ಬಲ್ಲವರೂ ಉಂಟು. ಆದರೆ ರಷ್ಯದ ಒಬ್ಬ ಸಂಗೀತಗಾರನು ತನ್ನ ಕಟ್ಟಕಡೆಯ ಪಿಯಾನೋ ಕನ್ಸರ್ಟೊವನ್ನು ಇದೇ ಪ್ರಭುಗಳಿಗೆ ಅರ್ಪಿಸಿದನೆಂಬ ಸಂಗತಿಯನ್ನು ಎಷ್ಟು ಮಂದಿ ಬಲ್ಲರು? ನಮಗೂ ಈಚಿನವರೆಗೆ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳುವುದೇ ಮೇಲು. ಬಸವನಗುಡಿಯಲ್ಲಿರುವ ನಮ್ಮ ಮಿತ್ರರೊಬ್ಬರು, ನಿವೃತ್ತ ಅಧಿಕಾರಿಗಳು, ಸಂಜೆಯ ಕಾಫಿಗೆ ಕರೆದು ಮೊಮ್ಮಗನ ಮೊಬೈಲಿನಿಂದ ಆ ಸಂಗೀತವನ್ನು ಕೇಳಿಸಿದ ಮೇಲೆಯೇ ನಮ್ಮ ಅಜ್ಞಾನವು ನಮಗೆ ಗೋಚರವಾಯಿತು.

ಆ ಸಂಗೀತಗಾರನು ನಿಕೊಲಾಯ್ ಮೆಟ್ನರ್. 1880ರ ಜನವರಿಯಲ್ಲಿ ಮಾಸ್ಕೋದಲ್ಲಿ ಜನಿಸಿದವನು. ಅಲ್ಲಿನ ಪ್ರಸಿದ್ಧ ಸಂಗೀತ ವಿದ್ಯಾಲಯದಿಂದ 1900ರಲ್ಲಿ ತೇರ್ಗಡೆ ಹೊಂದಿದವನು. ಜಗತ್ಪ್ರಸಿದ್ಧನಾದ ರಾಖ್ಮಾನಿನೋವನು ಇವನ ಆಪ್ತಮಿತ್ರನಾಗಿದ್ದನು. ಕ್ರಾಂತಿಯ ತರುವಾಯ 1921ರಲ್ಲಿ ದೇಶ ಬಿಟ್ಟ ಮೆಟ್ನರನು ಜರ್ಮನಿ, ಫ್ರಾನ್ಸುಗಳಲ್ಲಿದ್ದು ಕೊನೆಗೆ ಲಂಡನ್ನಿನಲ್ಲಿ ನೆಲಸಿದನು. 14 ಪಿಯಾನೋ ಸೊನಾಟಗಳು, 3 ಕನ್ಸರ್ಟೊಗಳು, 'ಸ್ಕಾಜ್ಕಿ' ಎಂಬ 30ಕ್ಕೂ ಹೆಚ್ಚು ಕಿರುಕೃತಿಗಳು, ಹಲವು ಹಾಡುಗಳು: ಇವು ಅವನ ಜೀವಿತದ ಗಳಿಕೆ. ಯೂರೋಪಿನ ಸಂಗೀತವು ಹಳೆಯ ಕಟ್ಟುಗಳನ್ನು ಕಿತ್ತೊಗೆಯುತ್ತಿದ್ದ ಕಾಲದಲ್ಲಿ ಇವನೊಬ್ಬನು ಪೂರ್ವಾಚಾರ್ಯರ ಮಾರ್ಗವನ್ನೇ ಹಿಡಿದು ನಿಂತನು; ಹೊಸಬರನ್ನು ಖಂಡಿಸಿ 1935ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಇಂತಹವನಿಗೆ ಜನಾದರ ಕಡಮೆಯಾದುದು ಆಶ್ಚರ್ಯವಲ್ಲ. ಎರಡನೆಯ ಮಹಾಯುದ್ಧವು ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. 1942ರಲ್ಲಿ ಹೃದಯರೋಗವು ಅವನನ್ನು ಹಾಸಿಗೆ ಹಿಡಿಸಿತು.

ಇತ್ತ ಮೈಸೂರಿನಲ್ಲಿ ಜಯಚಾಮರಾಜ ಒಡೆಯರವರು ಪಿಯಾನೋ ವಾದನದಲ್ಲಿ ಶ್ರಮಿಸಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯನ್ನು ಪಡೆದಿದ್ದರು. ವಾದಕರಾಗಿಯೇ ಬಾಳಬೇಕೆಂಬ ಹಂಬಲ ಅವರಿಗಿದ್ದಿತು. 1940ರಲ್ಲಿ ತಂದೆಯವರೂ ದೊಡ್ಡತಂದೆಯವರಾದ ನಾಲ್ವಡಿ ಕೃಷ್ಣರಾಜ ಒಡೆಯರವರೂ ಕೆಲವೇ ತಿಂಗಳುಗಳ ಅಂತರದಲ್ಲಿ ಸ್ವರ್ಗಸ್ಥರಾಗಲು, 21 ವರ್ಷದ ಯುವಕರು ಸಿಂಹಾಸನವನ್ನೇರಬೇಕಾಯಿತು. ತಾವು ನುಡಿಸಲಾಗದುದನ್ನು ಮತ್ತೊಬ್ಬರು ನುಡಿಸುವಂತೆ ಮಾಡುವುದೊಂದೇ ಅವರಿಗೆ ಉಳಿದ ಮಾರ್ಗವೆಂದು ತೋರುತ್ತದೆ. ಅವರ ಧನಸಹಾಯದಿಂದ ಮೆಟ್ನರ್ ಸೊಸೈಟಿಯೆಂಬ ಏರ್ಪಾಡು ನಡೆದು, ಮೆಟ್ನರನ ಕೃತಿಗಳನ್ನು ಮೆಟ್ನರನ ಕೈಯಿಂದಲೇ ನುಡಿಸಿ ಎಚ್.ಎಂ.ವಿ. ತಟ್ಟೆಗಳಲ್ಲಿ ಮುದ್ರಿಸುವ ಕಾರ್ಯವು 1947ರಲ್ಲಿ ಮೊದಲಾಯಿತು. ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಮೂರು ಕನ್ಸರ್ಟೊಗಳೂ ಮುದ್ರಿತವಾದುವು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಎಂಬ ಗಾಯಕಿಯು ಅವನ ಹಾಡುಗಳನ್ನು ಹಾಡಿದಳು, ಮುದುಕನೇ ಪಿಯಾನೋ ಹಿಡಿದನು. 1951ರ ನವೆಂಬರಿನಲ್ಲಿ ಮೆಟ್ನರನು ಲಂಡನ್ನಿನಲ್ಲಿ ಕಾಲವಾದನು. ನಾಲ್ಕಾರು ವರ್ಷ ತಡವಾಗಿದ್ದರೆ ಆ ಬೆರಳುಗಳ ನಾದವು ಅವನೊಡನೆಯೇ ಅಡಗಿಹೋಗುತ್ತಿತ್ತು.

ಇಲ್ಲಿ ಒಂದು ಪ್ರಶ್ನೆಯನ್ನು ಮರೆಮಾಚುವುದು ಪತ್ರಿಕಾಧರ್ಮವಲ್ಲ. 1947 ಯಾವ ವರ್ಷ? ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಎಂದು ವಿದ್ಯಾರ್ಥಿಗಳೂ ಕೂಲಿಕಾರರೂ ಬೀದಿಗಿಳಿದು ಸೆರೆಮನೆ ತುಂಬಿದ ವರ್ಷ. ಅಕ್ಟೋಬರಿನಲ್ಲಿ ಶ್ರೀ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರ ವಹಿಸುವವರೆಗೂ ಸಂಸ್ಥಾನದಲ್ಲಿ ನೆಮ್ಮದಿಯಿರಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಒಬ್ಬ ಪರದೇಶಿಯ ಸಂಗೀತಕ್ಕೆ ಮೈಸೂರಿನ ಹಣವೆ? ಅರಸರ ಧನವು ಮೂಲದಲ್ಲಿ ಪ್ರಜೆಯ ಬೆವರಲ್ಲವೆ? ಈ ಮಾತನ್ನು ಆಡುವವರನ್ನು ನಾವು ಅರಸಿಕರೆಂದು ತಳ್ಳಿಹಾಕಲಾರೆವು. ಆದರೆ ರಾಜರ ಹಣವು ಕುದುರೆಜೂಜಿಗೂ ಬೇಟೆಯ ಬಂಗಲೆಗಳಿಗೂ ಹೋದುದನ್ನು ಭರತಖಂಡವು ಧಾರಾಳವಾಗಿ ಕಂಡಿದೆ. ಆ ಹಣದಲ್ಲಿ ಇಂದು ಉಳಿದುದೇನು? ಈ ತಟ್ಟೆಗಳಾದರೋ ಉಳಿದಿವೆ. ಮಾಸ್ಕೋದವನೂ ಕೇಳಬಹುದು, ಮಲ್ಲೇಶ್ವರದವನೂ ಕೇಳಬಹುದು. ನಮ್ಮ ಕೊರಗು ಬೇರೆಯದು: ಕೊಟ್ಟ ಊರಿನವರೇ ಇದನ್ನು ಕೇಳಿಲ್ಲ.

ಕೇಳುವುದು ಸುಲಭವೆಂದು ನಾವು ಹೇಳುವುದಿಲ್ಲ. ಮೊದಲ ಸಲ ನಮಗೆ, ಒಂದೇ ಮನೆಯಲ್ಲಿ ನಾಲ್ವರು ಒಟ್ಟಿಗೆ ಮಾತನಾಡುವಂತೆ ಕೇಳಿಸಿತು. ತಂಬೂರಿಯ ಶ್ರುತಿಗೆ ಪಳಗಿದ ಕಿವಿಯು ಆಧಾರಷಡ್ಜವನ್ನು ಅರಸುತ್ತದೆ. ಇಲ್ಲಿ ಆಧಾರವೇ ನಡುನಡುವೆ ಸ್ಥಳ ಬದಲಿಸುತ್ತದೆ. ಇದನ್ನು ತಿಳಿಯದೆ ಕೇಳುವವನಿಗೆ ನೆಲವೇ ಜಾರಿದಂತಾಗುವುದು. ಮಿತ್ರರು ನಕ್ಕು, "ಸ್ವಾಮಿ, ಷಡ್ಜವನ್ನು ಬಿಡಿ, ಮೊದಲ ಸೊಲ್ಲನ್ನು ಹಿಡಿಯಿರಿ" ಎಂದರು. ಆಮೇಲೆ 'ಮರೆತ ರಾಗಗಳು' ಎಂಬ ಮಾಲಿಕೆಯ ಮೊದಲನೆಯದಾದ 'ಸ್ಮರಣೆಯ ಸೊನಾಟ'ವನ್ನು ಹಾಕಿದರು. ಸೋವಿಯತ್ ರಷ್ಯದ ವಾದಕನಾದ ಎಮಿಲ್ ಗಿಲೆಲ್ಸನು ನುಡಿಸಿದ್ದದು. ಮೆಲ್ಲಗೆ, ತನ್ನಷ್ಟಕ್ಕೆ ತಾನು ಸುತ್ತುವ ಒಂದು ಸೊಲ್ಲು. ಬಳಿಕ ಬಗೆಬಗೆಯ ಕಳವಳ. ನಡುವೆಯೊಮ್ಮೆ ಅದೇ ಸೊಲ್ಲು. ಕಡೆಯಲ್ಲಿ ಮತ್ತೆ ಅದೇ. ಚರಣ ಮುಗಿಸಿ ಪಲ್ಲವಿಗೆ ಮರಳಿದಾಗ ಪಲ್ಲವಿಯ ಅರ್ಥ ಬೇರೆಯಾಗಿರುವುದಿಲ್ಲವೆ? ಹಾಗೆಯೇ ಇದೂ. ಒಂದು ಸಾಲನ್ನು ಸಂಗತಿಯ ಮೇಲೆ ಸಂಗತಿಯಾಗಿ ಬೆಳೆಸುವುದನ್ನು ಬಲ್ಲ ನಮ್ಮವರಿಗೆ ಮೆಟ್ನರನು ಪೂರ್ತಿ ಅಪರಿಚಿತನಲ್ಲ. 'ಸ್ಕಾಜ್ಕಿ' ಎಂದರೆ ಅಡುಗೂಲಜ್ಜಿಯ ಕಥೆಗಳೆಂದೇ ಅರ್ಥ. ಬಹುಪಾಲು ಐದು ನಿಮಿಷದೊಳಗೆ ಮುಗಿಯುವಂತಹವು. ಹೊಸಬರು ಅಲ್ಲಿಂದ ತೊಡಗಲಿ.

ಒಡೆಯರಿಗೆ ಅರ್ಪಿತವಾದ ಮೂರನೆಯ ಕನ್ಸರ್ಟೊವನ್ನು ನಾವು ಕಡೆಗೆ ಕೇಳಿದೆವು. ರೋಗಿಯಾಗಿ, ಯುದ್ಧದ ನಡುವೆ, ಪರರ ಮನೆಯ ಆಶ್ರಯದಲ್ಲಿ ಕುಳಿತು ರಚಿಸಿದ ಕೃತಿ; 1944ರಲ್ಲಿ ಲಂಡನ್ನಿನಲ್ಲಿ ಅವನೇ ಮೊದಲು ನುಡಿಸಿದನು. ಮೂರು ಭಾಗಗಳು ಎಡೆಬಿಡದೆ ಒಂದರೊಳಗೊಂದು ಹರಿಯುತ್ತವೆ. ಹಳೆಯ ತಟ್ಟೆಯ ಮೇಲೆ ಮುಳ್ಳು ಉಜ್ಜುವ ಸದ್ದು ಅಲ್ಲಲ್ಲಿ ಕೇಳಿಬರುತ್ತಿದ್ದರೂ 67 ವರ್ಷದ ಆ ಕೈಗಳಲ್ಲಿ ದಣಿವು ಕಾಣಲಿಲ್ಲ. ಮುಗಿದಾಗ ಹೊರಗೆ ಕತ್ತಲಾಗಿತ್ತು. ಕಾಫಿ ಆರಿಹೋಗಿತ್ತು. ಮಿತ್ರರ ಮನೆಯವರು ದೀಪ ಹಾಕಿ, ಮತ್ತೊಂದು ಲೋಟ ತರಲೇ ಎಂದು ಕೇಳಿದರು. ನಾವು ಮೊದಲಿನಿಂದ ಮತ್ತೊಮ್ಮೆ ಹಾಕುವಂತೆ ಹುಡುಗನನ್ನು ಕೇಳಿಕೊಂಡೆವು.