ರಾಟೆ ಹಾಕಿದರೆ ಬಿಂದಿಗೆ ಹಗುರ ಆಗುತ್ತದೆಯೇ?

'ರಾಟೆ ಇದ್ದರೆ ಭಾರ ಅರ್ಧ ಆಗುತ್ತದೆ, ನಿಮ್ಮ ಮಗುವಿಗೂ ಕಲಿಸಿ' ಎನ್ನುವ ಥರದ ವಿಡಿಯೊಗಳು ಪೋಷಕರ ವಾಟ್ಸಾಪ್ ಗುಂಪುಗಳಿಗೆ ಬರುತ್ತಿರುತ್ತವೆ. ಮಕ್ಕಳಿಗೆ ಸರಳ ಯಂತ್ರಗಳನ್ನು ತೋರಿಸುವುದು ಒಳ್ಳೆಯದೇ. ಆದರೆ ಬಾವಿಯ ರಾಟೆಗೆ ಈ ಮಾತು ಹೊಂದುವುದಿಲ್ಲ.

ಮಾಲೂರು ಕಡೆಯ ಹಳೆಯ ಸೇದುವ ಬಾವಿಗಳನ್ನು ನೆನಪಿಸಿಕೊಳ್ಳಿ. ಅಲ್ಲಿರುವುದು ಒಂದೇ ರಾಟೆ, ಅದೂ ಇದ್ದ ಜಾಗದಲ್ಲೇ ತಿರುಗುವಂಥದ್ದು (ತೆಲುಗು ಮಾತಾಡುವ ಮನೆಗಳಲ್ಲಿ ಇದೇ ಗಿಲಕ). ತುಂಬಿದ ಬಿಂದಿಗೆ 10 ಕೆ.ಜಿ. ತೂಗಿದರೆ, 10 ಕೆ.ಜಿ. ಎತ್ತುವಷ್ಟೇ ಬಲ ಹಾಕಿ ಹಗ್ಗ ಎಳೆಯಬೇಕು. ಅಚ್ಚು ತುಕ್ಕು ಹಿಡಿದಿದ್ದರೆ ಇನ್ನೂ ಹೆಚ್ಚು. ಹಾಗಾದರೆ ಸುಲಭ ಅನ್ನಿಸುವುದೇಕೆ? ಬಾವಿಗೆ ಬಗ್ಗಿ ಮೇಲಕ್ಕೆ ಎತ್ತುವ ಬದಲು, ನೆಟ್ಟಗೆ ನಿಂತು ಕೆಳಕ್ಕೆ ಎಳೆಯುತ್ತೇವೆ. ನಮ್ಮ ಮೈಭಾರವೂ ಸಹಾಯಕ್ಕೆ ಬರುತ್ತದೆ. ರಾಟೆ ಬದಲಿಸಿದ್ದು ಎಳೆಯುವ ದಿಕ್ಕನ್ನು ಮಾತ್ರ.

ಭಾರ ಅರ್ಧ ಅನ್ನಿಸುವ ಏರ್ಪಾಡೂ ಇದೆ. ಹಗ್ಗದ ಒಂದು ತುದಿಯನ್ನು ಮೇಲೆ ಕಟ್ಟಿ, ರಾಟೆಯೇ ಹೊರೆಯ ಜೊತೆ ಮೇಲೇರುವಂತೆ ಮಾಡಬೇಕು. ಆಗ ಅರ್ಧ ಬಲ ಸಾಕು. ಆದರೆ ಹೊರೆ 1 ಮೀಟರ್ ಏರಲು 2 ಮೀಟರ್ ಹಗ್ಗ ಎಳೆಯಬೇಕು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕು. ಸನ್ನೆ, ಇಳಿಜಾರು, ಬೆಣೆ, ತಿರುಪು, ಗಾಲಿ, ಯಾವುದರಲ್ಲೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳುವಂತಿಲ್ಲ.

ಐದಾರು ವರ್ಷದ ಮಗುವಿಗೆ ಈ ಹೆಸರುಗಳು ಬೇಡ. ದುಬಾರಿ ಕಿಟ್ ಅಂತೂ ಬೇಡವೇ ಬೇಡ. ಬಾಗಿಲನ್ನು ಒಂದೇ ಬೆರಳಿನಿಂದ, ಮೊದಲು ಹಿಡಿಕೆಯ ಹತ್ತಿರ, ಆಮೇಲೆ ಕೀಲಿನ ಕಡೆ ತಳ್ಳಲು ಹೇಳಿ (ಸಂದಿಗೆ ಬೆರಳು ಹೋಗದಂತೆ ನೋಡಿಕೊಳ್ಳಿ). ಹಿಡಿಕೆಯ ಹತ್ತಿರ ಸಲೀಸು, ಆದರೆ ಬೆರಳು ತುಂಬ ದೂರ ಹೋಗಬೇಕು. ಬಾಗಿಲೂ ಒಂದು ಸನ್ನೆ. ಮನೆಯಲ್ಲಿ ಏತ ನೋಡಿದ ಅಜ್ಜ ಇದ್ದರೆ ಅವರನ್ನೇ ಕೇಳಿ. ಒಂದು ತುದಿಯಲ್ಲಿ ನೀರು, ಇನ್ನೊಂದು ತುದಿಯಲ್ಲಿ ಭಾರ, ನಡುವೆ ಉದ್ದನೆಯ ಮರ. ಮಕ್ಕಳ ಪಾರ್ಕಿನ ಸೀಸಾಗೂ ಅದಕ್ಕೂ ಅಂಥ ವ್ಯತ್ಯಾಸವಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ರಬ್ಬರ್ ಬ್ಯಾಂಡ್ ಪ್ರಯೋಗ. ಆಟಿಕೆ ಕಾರಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಗಾಳಿಯಲ್ಲಿ ನೇತುಹಾಕಿ. ಅದು ಎಷ್ಟು ಹಿಗ್ಗಿತು ಎಂದು ಸ್ಕೇಲಿನಿಂದ ಅಳೆಯಿರಿ. ಈಗ ಎರಡು ಪುಸ್ತಕದ ಮೇಲೆ ಹಲಗೆ ಓರೆಯಾಗಿ ಇಟ್ಟು, ಅದೇ ರಬ್ಬರ್ ಬ್ಯಾಂಡ್ ಹಿಡಿದು ಕಾರನ್ನು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಹಿಗ್ಗುವುದು ಕಡಿಮೆ. ಪುಸ್ತಕ ಹೆಚ್ಚಿಸಿ ಹಲಗೆ ಕಡಿದಾಗಿಸಿದರೆ ಮತ್ತೆ ಹೆಚ್ಚು ಹಿಗ್ಗುತ್ತದೆ. ಲಾರಿಗೆ ಪೀಪಾಯಿ ಹತ್ತಿಸುವವರು ಉದ್ದ ಹಲಗೆ ಹುಡುಕುವುದು ಇದಕ್ಕೇ. ಬಾವಿಕಟ್ಟೆ ಮತ್ತು ಈಳಿಗೆ ಮಣೆಯನ್ನು ಮಾತ್ರ ದೂರದಿಂದ ತೋರಿಸಿ ಸಾಕು.

ಈ ಲೆಕ್ಕ ತಿಳಿದ ಮಗು ದೊಡ್ಡವನಾದ ಮೇಲೆ ಇನ್ನೊಂದು ಫಾರ್ವರ್ಡ್ ಕೈಗೆ ಬರುತ್ತದೆ: ಮೋಟಾರು ಚಕ್ರ ತಿರುಗಿಸುತ್ತದೆ, ಚಕ್ರ ಜನರೇಟರ್ ತಿರುಗಿಸುತ್ತದೆ, ಅದೇ ಕರೆಂಟಿನಲ್ಲಿ ಮೋಟಾರು ಓಡುತ್ತದೆ, ಬೆಸ್ಕಾಂ ಬಿಲ್ಲೇ ಇಲ್ಲ! ಇಂಥದ್ದನ್ನು ನಂಬಿ ದುಡ್ಡು ಕಳೆದುಕೊಳ್ಳಬೇಡಿ. ಗಾಲಿ, ರಾಟೆ, ಸನ್ನೆ ಎಷ್ಟೇ ಜೋಡಿಸಿದರೂ ಹಾಕಿದ್ದಕ್ಕಿಂತ ಹೆಚ್ಚು ಶಕ್ತಿ ಹೊರಬರುವುದಿಲ್ಲ. ಘರ್ಷಣೆಯಲ್ಲಿ ಒಂದಿಷ್ಟು ಹೋಗಿಯೇ ಹೋಗುತ್ತದೆ.

ಮಾಲೂರಿನಿಂದ ರೈಲಿನಲ್ಲಿ ಬಂಗಾರಪೇಟೆ ದಾಟಿದರೆ ಕೆಜಿಎಫ್. 2001ರಲ್ಲಿ ಮುಚ್ಚಿದ ಆ ಚಿನ್ನದ ಗಣಿಗಳ ಬಾಯಿಯ ಮೇಲೆ ಎತ್ತರದ ಗೋಪುರ, ತುದಿಯಲ್ಲಿ ದೊಡ್ಡ ಗಾಲಿ ಇರುತ್ತಿತ್ತು. ಅದೂ ಬಾವಿಯ ರಾಟೆಯಂಥದ್ದೇ, ಹಗ್ಗದ ದಿಕ್ಕು ತಿರುಗಿಸುವುದಷ್ಟೇ ಅದರ ಕೆಲಸ. ಎತ್ತಲು ಬೇರೆ ಯಂತ್ರ ಬೇಕು, ಯಂತ್ರಕ್ಕೆ ಶಕ್ತಿ ಬೇಕು. 1902ರಲ್ಲಿ ಈ ಗಣಿಗಳಿಗೆ ವಿದ್ಯುತ್ ಕೊಡಲು ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ತಂತಿ ಎಳೆದು ತಂದರು.