ಕ್ಯಾಸಿನೊ ಚರ್ಚೆ: ಜೂಜು ವ್ಯಾಪಾರವಾಗಬಲ್ಲದೆ?

ಕರ್ನಾಟಕದ ದೊಡ್ಡ ನಗರಗಳಲ್ಲಿ ಕ್ಯಾಸಿನೊ ತೆರೆಯಬೇಕೆ ಎಂಬ ಪ್ರಶ್ನೆ ಆಗಾಗ ಏಳುತ್ತದೆ, ಮತ್ತೆ ತಣ್ಣಗಾಗುತ್ತದೆ. 2020ರ ಫೆಬ್ರುವರಿಯಲ್ಲಿ ಅಂದಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿ ಅವರು ಬೆಂಗಳೂರಿನಲ್ಲಿ ಪ್ರವಾಸೋದ್ಯಮದ ಬಗ್ಗೆ ಮಾತನಾಡುತ್ತ ಕ್ಯಾಸಿನೊ ವಿಷಯ ತೆಗೆದರು. ಎಲ್ಲ ಕಡೆಯಿಂದ ಟೀಕೆ ಬಂತು. ಬೇರೆ ದೇಶಗಳ ಉದಾಹರಣೆ ಕೊಟ್ಟದ್ದಷ್ಟೇ ಎಂದು ಅವರು ಸ್ಪಷ್ಟನೆ ನೀಡಿದರು. ಮಾತು ಅಲ್ಲಿಗೆ ನಿಂತರೂ ಪ್ರಶ್ನೆ ಮುಗಿದಿಲ್ಲ. ತೆರಿಗೆ ಬರುತ್ತದೆ, ಉದ್ಯೋಗ ಸಿಗುತ್ತದೆ ಎಂಬ ವಾದ ಇರುವವರೆಗೆ ಅದು ಮತ್ತೆ ಬಂದೇ ಬರುತ್ತದೆ.

ಬೆಂಗಳೂರಿನ ಒಂದು ಬಡಾವಣೆಯಲ್ಲಿ ಕ್ಯಾಸಿನೊ ಬಂದರೆ ಗದಗ ಪಕ್ಕದ ಮಲ್ಲಸಮುದ್ರದವರಿಗೆ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಇದೆ. ಗೋವಾದ ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳು ಗದಗ, ಹುಬ್ಬಳ್ಳಿ, ಬೆಳಗಾವಿಯವರಿಗೆ ಒಂದು ರಾತ್ರಿಯ ದಾರಿ. ಮೊಬೈಲಿನಲ್ಲಿ ಆ ದಾರಿಯೂ ಬೇಕಿಲ್ಲ. ಓಸಿ ಚೀಟಿ ಬರೆಯುವವರು ಸಿಕ್ಕಿಬಿದ್ದ ಸುದ್ದಿ ಜಿಲ್ಲೆಯ ಪತ್ರಿಕೆಗಳಿಗೆ ಹೊಸದಲ್ಲ. ಆದ್ದರಿಂದ ಈ ವಿಷಯವನ್ನು ಲೆಕ್ಕ, ಕಾನೂನು, ಧರ್ಮ ಎಂಬ ಮೂರು ಕಡೆಯಿಂದಲೂ ತಿಳಿದುಕೊಳ್ಳುವುದು ಒಳ್ಳೆಯದು.

ಕ್ಯಾಸಿನೊ ಲೆಕ್ಕ ಹೇಗೆ?

ಕ್ಯಾಸಿನೊ ಎಂದರೆ ಹಣ ಕಟ್ಟಿ ಜೂಜಾಡಲು ಸರ್ಕಾರದ ಪರವಾನಗಿ ಪಡೆದ ಸ್ಥಳ. ಅಲ್ಲಿ ಇಸ್ಪೀಟಿನ ಮೇಜು, ದಾಳ, ನಾಣ್ಯದ ಯಂತ್ರ, ರೂಲೆಟ್ ಎಂಬ ತಿರುಗುವ ಚಕ್ರ ಇರುತ್ತವೆ. ಒಳಗೆ ಹೋದವರು ಮೊದಲು ರೊಕ್ಕ ಕೊಟ್ಟು ಬಿಲ್ಲೆಗಳನ್ನು ಕೊಳ್ಳುತ್ತಾರೆ. ಕೈಯಲ್ಲಿ ನೋಟು ಇಲ್ಲದೆ ಬಣ್ಣದ ಬಿಲ್ಲೆ ಇದ್ದಾಗ ಖರ್ಚಿನ ಅರಿವು ಕಡಿಮೆಯಾಗುತ್ತದೆ.

ರೂಲೆಟ್ ಚಕ್ರವನ್ನೇ ನೋಡೋಣ. ಯುರೋಪಿನ ಮಾದರಿಯಲ್ಲಿ ಸೊನ್ನೆಯಿಂದ 36ರವರೆಗೆ ಒಟ್ಟು 37 ಮನೆಗಳಿರುತ್ತವೆ. ಒಂದು ಅಂಕಿಯ ಮೇಲೆ ₹100 ಕಟ್ಟಿ ಗೆದ್ದರೆ ₹3,500 ಲಾಭ ಮತ್ತು ಕಟ್ಟಿದ ₹100, ಒಟ್ಟು ₹3,600 ಕೈಗೆ ಬರುತ್ತದೆ. ಒಬ್ಬನೇ ಎಲ್ಲ 37 ಮನೆಗಳ ಮೇಲೂ ನೂರು ನೂರು ಕಟ್ಟಿದನೆಂದು ಇಟ್ಟುಕೊಳ್ಳಿ. ಕಟ್ಟಿದ್ದು ₹3,700, ಬಂದದ್ದು ₹3,600. ಅಂದರೆ ಖಚಿತವಾಗಿ ಗೆದ್ದ ಆಟದಲ್ಲೂ ₹100 ನಷ್ಟ. ನೂರಕ್ಕೆ 2.7ರಷ್ಟು ಆಗುವ ಈ ವ್ಯತ್ಯಾಸವೇ ಮಾಲೀಕರ ಆದಾಯ. ಅಮೆರಿಕದ ಮಾದರಿಯಲ್ಲಿ ಇನ್ನೊಂದು ಸೊನ್ನೆ ಸೇರಿ 38 ಮನೆಗಳಾಗುತ್ತವೆ. ಅಲ್ಲಿ ನಷ್ಟ ನೂರಕ್ಕೆ 5.26.

ನೂರಕ್ಕೆ ಎರಡೂಮುಕ್ಕಾಲು ದೊಡ್ಡದೇನಲ್ಲ, ದಲಾಲಿಯಷ್ಟೇ ಆಯಿತು ಎಂದು ಅನ್ನಿಸಬಹುದು. ಆದರೆ ಮಾಲು ಮಾರಿದಾಗ ದಲಾಲಿ ಒಂದು ಸಲ ಹೋಗುತ್ತದೆ. ಇಲ್ಲಿ ಅದು ಪ್ರತಿ ಸುತ್ತಿಗೂ ಹೋಗುತ್ತದೆ. ಗಂಟೆಗೆ 40 ಸುತ್ತು, ಸುತ್ತಿಗೆ ₹500 ಎಂದು ಹಿಡಿದರೆ ಒಂದು ಗಂಟೆಯಲ್ಲಿ ₹20,000 ಮೇಜಿನ ಮೇಲೆ ಹೋಗುತ್ತದೆ. ಸರಾಸರಿ ನಷ್ಟ ಸುಮಾರು ₹540. ಒಬ್ಬ ಒಂದು ರಾತ್ರಿ ಗೆಲ್ಲಬಹುದು. ಬರುವವರೆಲ್ಲ ಸೇರಿ ವರ್ಷವಿಡೀ ಸೋಲಲೇಬೇಕು. ಇಲ್ಲದಿದ್ದರೆ ಆ ಕಟ್ಟಡದ ದೀಪದ ಬಿಲ್ಲೂ ತುಂಬುವುದಿಲ್ಲ.

ಊರಿನ ಓಸಿ ಇದಕ್ಕಿಂತ ಕ್ರೂರ. ಸೊನ್ನೆ ಸೊನ್ನೆಯಿಂದ 99ರವರೆಗೆ ನೂರು ಜೋಡಿ ಅಂಕಿಗಳು; ಗೆದ್ದವರಿಗೆ ಒಂದು ರೂಪಾಯಿಗೆ 80 ರೂಪಾಯಿ ಎಂಬ ಆಮಿಷ. ನೂರು ರೂಪಾಯಿ ಕೂಡಿಸಿ 80 ಹಂಚಿದರೆ 20 ರೂಪಾಯಿ ಬುಕ್ಕಿಯ ಪಾಲು. ದಿನಗೂಲಿಯವನ ಕಿಸೆಯಿಂದ ನೂರಕ್ಕೆ ಇಪ್ಪತ್ತು ಕೀಳುವ ದಂಧೆ ಇದು.

ಕಾನೂನು ಏನು ಹೇಳುತ್ತದೆ?

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಪಣ ಮತ್ತು ಜೂಜು ರಾಜ್ಯಪಟ್ಟಿಯ ವಿಷಯ. ಹಾಗಾಗಿ ಒಂದೊಂದು ರಾಜ್ಯದಲ್ಲಿ ಒಂದೊಂದು ನೀತಿ. ಗೋವಾ ತನ್ನ 1976ರ ಜೂಜು ಕಾಯ್ದೆಗೆ ತೊಂಬತ್ತರ ದಶಕದಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲು ಮತ್ತು ಹಡಗುಗಳಲ್ಲಿ ಅನುಮತಿ ಕೊಟ್ಟಿತು. ಸಿಕ್ಕಿಂ 2002ರಲ್ಲಿ ಕ್ಯಾಸಿನೊ ಕಾಯ್ದೆ ಮಾಡಿತು. ಮಹಾರಾಷ್ಟ್ರದ ದಾರಿ ಬೇರೆ. ಅಲ್ಲಿ 1976ರಲ್ಲಿಯೇ ಕ್ಯಾಸಿನೊ ಕಾಯ್ದೆ ಆಗಿತ್ತು, ಆದರೆ ಯಾವ ಸರ್ಕಾರವೂ ಅದನ್ನು ಜಾರಿಗೆ ತರಲಿಲ್ಲ. 2023ರಲ್ಲಿ ಅದನ್ನು ರದ್ದುಪಡಿಸಲು ಆ ಸರ್ಕಾರ ತೀರ್ಮಾನಿಸಿತು.

ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆ ಅನ್ವಯಿಸುತ್ತದೆ. ಅದರ 78ನೇ ಕಲಂ ಓಸಿ, ಮಟಕಾ ಇತ್ಯಾದಿಗೆ. 79 ಮತ್ತು 80 ಜೂಜಿನ ಅಡ್ಡೆ ನಡೆಸುವವರಿಗೆ ಹಾಗೂ ಅಲ್ಲಿ ಆಡುವವರಿಗೆ. 87 ಬಯಲಲ್ಲಿ ಅಂದರ್-ಬಾಹರ್ ಆಡುವವರಿಗೆ. ಕೌಶಲದ ಆಟಕ್ಕೆ ವಿನಾಯಿತಿ ಉಂಟು. ಕುದುರೆ ಪಂದ್ಯ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಲಾಟರಿಯನ್ನು ರಾಜ್ಯವು 2007ರ ಏಪ್ರಿಲ್‌ನಿಂದ ನಿಲ್ಲಿಸಿತು.

ಆನ್‌ಲೈನ್ ಜೂಜಿನ ವಿರುದ್ಧ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. ನಂತರ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಎಲ್ಲ ಆನ್‌ಲೈನ್ ಆಟಗಳನ್ನು, ಅದೃಷ್ಟದ್ದಾಗಲಿ ಕೌಶಲದ್ದಾಗಲಿ, ನಿಷೇಧಿಸುವ ಕಾಯ್ದೆ ಅಂಗೀಕರಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ ಎಂದು ಅದರಲ್ಲಿದೆ.

ವ್ಯಾಪಾರಸ್ಥರು ಮುಖ್ಯವಾಗಿ ತಿಳಿಯಬೇಕಾದ ತೀರ್ಪು ಇನ್ನೂ ಹಳೆಯದು. ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ಒಂದು ಪತ್ರಿಕೆಯ ಮೂಲಕ ಆರ್.ಎಂ.ಡಿ.ಸಿ. ಎಂಬ ಕಂಪನಿ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿತ್ತು. ಮುಂಬಯಿ ಸರ್ಕಾರ ಅದಕ್ಕೆ ಲೈಸೆನ್ಸು, ತೆರಿಗೆ ಹಾಕಿದಾಗ, ವ್ಯಾಪಾರ ಮಾಡುವುದು ಮೂಲಭೂತ ಹಕ್ಕು ಎಂದು ಕಂಪನಿ ವಾದಿಸಿತು. 1957ರಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠವು ಈ ವಾದವನ್ನು ಒಪ್ಪಲಿಲ್ಲ. ಜೂಜಿಗೆ ವ್ಯಾಪಾರದ ರೂಪವಿದ್ದರೂ ಅದು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲ ಎಂಬುದು ತೀರ್ಪಿನ ಸಾರ. ಪಾಂಡವರ ಪಾಡನ್ನೂ ನ್ಯಾಯಾಲಯ ಅಲ್ಲಿ ನೆನಪಿಸಿತು.

ಪರ ಮತ್ತು ವಿರೋಧದ ವಾದಗಳು

ಕ್ಯಾಸಿನೊ ಬೇಕೆನ್ನುವವರ ಮಾತನ್ನೂ ಕೇಳಬೇಕು. ಜನ ಹೇಗೂ ಗೋವಾಕ್ಕೆ ಹೋಗುತ್ತಾರೆ, ಆ ದುಡ್ಡು ಇಲ್ಲೇ ಉಳಿಯಲಿ ಎನ್ನುವುದು ಒಂದು. ಹೋಟೆಲು, ಟ್ಯಾಕ್ಸಿ, ಕಾವಲು ಕೆಲಸ ಸಿಗುತ್ತದೆ ಎನ್ನುವುದು ಎರಡು. ಸರ್ಕಾರಕ್ಕೆ ತೆರಿಗೆ ಬರುತ್ತದೆ ಎನ್ನುವುದು ಮೂರು. ಕದ್ದು ಆಡುವುದಕ್ಕಿಂತ ಕಣ್ಣೆದುರು ಆಡುವುದು ಮೇಲು ಎನ್ನುವುದು ನಾಲ್ಕು.

ಮೊದಲನೆಯದಕ್ಕೆ ಗೋವಾವೇ ಉತ್ತರ ಕೊಟ್ಟಿದೆ. ಬೆಂಗಳೂರಿನಲ್ಲಿ ಕ್ಯಾಸಿನೊ ಮಾತು ಎದ್ದ ಅದೇ 2020ರ ಫೆಬ್ರುವರಿ 1ರಿಂದ ಗೋವಾ ಸರ್ಕಾರ ಗೋವಾದವರಿಗೆ ಕ್ಯಾಸಿನೊ ಪ್ರವೇಶ ನಿಷೇಧಿಸಿತು. ಹಡಗನ್ನು ಇಟ್ಟುಕೊಂಡವರೇ ತಮ್ಮ ಮಕ್ಕಳು ಹತ್ತಬಾರದು ಎಂದರು. ಅಲ್ಲಿಗೆ ಅದು ಯಾರ ಮಕ್ಕಳ ರೊಕ್ಕದಿಂದ ನಡೆಯಬೇಕು? ನೆರೆಯ ರಾಜ್ಯದವರದ್ದು, ಅಂದರೆ ಹೆಚ್ಚಾಗಿ ಇಲ್ಲಿನವರದ್ದು. ಬೆಂಗಳೂರಿನಲ್ಲಿ ತೆರೆದರೂ ಇದೇ ಪ್ರಶ್ನೆ ಬರುತ್ತದೆ. ಸ್ಥಳೀಯರನ್ನು ಬಿಟ್ಟರೆ ಊರು ಹಾಳು. ಬಿಡದಿದ್ದರೆ ಮತ್ತೊಂದೂರಿನ ಮನೆ ಹಾಳು.

ಉದ್ಯೋಗದ ಮಾತು ಸುಳ್ಳಲ್ಲ. ಆದರೆ ಮೇಜಿನ ಮೇಲೆ ಸೋತ ದುಡ್ಡು ಬೇರೆ ಯಾವುದೋ ಅಂಗಡಿಗೆ ಹೋಗಬೇಕಾಗಿದ್ದ ದುಡ್ಡು. ಕಿರಾಣಿ, ಬಟ್ಟೆ, ಶಾಲೆಯ ಫೀಸು, ಬೀಜ ಗೊಬ್ಬರದ ಬಾಕಿ, ಇವುಗಳ ಕಡೆ ಕಡಿಮೆಯಾದ ಉದ್ಯೋಗವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತೆರಿಗೆಯೂ ನಿಜವೇ. ಕ್ಯಾಸಿನೊ ಮೇಲಿನ ಜಿಎಸ್‌ಟಿ 2023ರ ಅಕ್ಟೋಬರ್‌ನಿಂದ ಪೂರ್ಣ ಮೊತ್ತದ ಮೇಲೆ ಶೇ. 28 ಆಯಿತು, 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ. ಆದರೆ ಲಾಟರಿಯಿಂದಲೂ ರಾಜ್ಯಕ್ಕೆ ಆದಾಯವಿತ್ತು. ಆ ಆದಾಯದ ಹಿಂದಿನ ಕಣ್ಣೀರು ಕಂಡೇ ಅದನ್ನು ಬಿಟ್ಟುಕೊಟ್ಟದ್ದು. ಆಗ ಬೇಡವಾದ ಹಣ ಈಗ ಹೇಗೆ ಪವಿತ್ರವಾದೀತು?

ನಾಲ್ಕನೆಯ ವಾದಕ್ಕೆ ಸ್ವಲ್ಪ ತೂಕವಿದೆ. ನಿಷೇಧ ಇದ್ದ ಮಾತ್ರಕ್ಕೆ ಜೂಜು ನಿಂತಿಲ್ಲ. ಓಸಿಯೇ ಸಾಕ್ಷಿ. ಆದರೆ ಪರವಾನಗಿ ಕೊಟ್ಟರೆ ಕಳ್ಳ ಅಡ್ಡೆಗೆ ಹೋಗುವವರು ಅಲ್ಲಿಗೇ ಹೋಗುತ್ತಾರೆ, ಹೋಗದಿದ್ದವರೂ ಹೊಸದಾಗಿ ಹೋಗುತ್ತಾರೆ. ಸರ್ಕಾರವೇ ಒಪ್ಪಿದೆಯಲ್ಲ ಎಂಬ ಧೈರ್ಯ ಹುಡುಗರಿಗೆ ಬರುತ್ತದೆ.

ಜೈನಧರ್ಮದ ದೃಷ್ಟಿ

ಶ್ರಾವಕರು ಬಿಡಬೇಕಾದ ಸಪ್ತವ್ಯಸನಗಳೆಂದರೆ ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ. ವಸುನಂದಿ ಆಚಾರ್ಯರ ಶ್ರಾವಕಾಚಾರದಲ್ಲಿಯೂ ಮೊದಲ ಸ್ಥಾನ ದ್ಯೂತಕ್ಕೆ. ಉಳಿದ ವ್ಯಸನಗಳಿಗೆ ಬಾಗಿಲು ತೆರೆಯುವುದು ಅದೇ ಎಂದು ಹಿರಿಯರು ವಿವರಿಸುತ್ತಾರೆ. ಸೋತವನು ರೊಕ್ಕಕ್ಕಾಗಿ ಸುಳ್ಳು ಹೇಳುತ್ತಾನೆ, ಕದಿಯುತ್ತಾನೆ. ದುಃಖ ಮರೆಯಲು ಕುಡಿಯುತ್ತಾನೆ. ಪರಂಪರೆಯಲ್ಲಿ ಒಂದೊಂದು ವ್ಯಸನಕ್ಕೂ ಒಬ್ಬೊಬ್ಬರ ಉದಾಹರಣೆ ಇದೆ. ಮದ್ಯಕ್ಕೆ ಯಾದವರು, ವೇಶ್ಯಾಸಂಗಕ್ಕೆ ಚಾರುದತ್ತ, ಪರಸ್ತ್ರೀ ಮೋಹಕ್ಕೆ ರಾವಣ. ಜೂಜಿಗೆ ಧರ್ಮರಾಯ. ದುಷ್ಟನನ್ನು ಬಿಟ್ಟು ಧರ್ಮಿಷ್ಠನನ್ನೇ ಉದಾಹರಣೆಗೆ ಆರಿಸಿದ್ದು ಗಮನಿಸಬೇಕಾದ ಸಂಗತಿ. ಒಳ್ಳೆಯವನೂ ಜಾರುತ್ತಾನೆ ಎಂಬುದೇ ಎಚ್ಚರಿಕೆ. ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ತಿರುಳುಗನ್ನಡದಲ್ಲಿ ಬರೆದೆನೆಂದ ಜೈನಕವಿ ಪಂಪನ ಭಾರತದಲ್ಲೂ ಆ ದ್ಯೂತಪ್ರಸಂಗ ಇದೆ.

ಅನರ್ಥದಂಡ ವ್ರತದಲ್ಲಿ ಅಪಧ್ಯಾನ ಎಂಬ ದೋಷ ಹೇಳಿದೆ. ಇತರರ ಸೋಲು, ಹಾನಿಗಳನ್ನು ಮನಸ್ಸಿನಲ್ಲಿ ಬಯಸುತ್ತ ಕೂಡುವುದೇ ಅಪಧ್ಯಾನ. ಜೂಜಿನ ಮೇಜಿನ ಮುಂದೆ ಕುಳಿತವನು ಮಾಡುವುದು ಇದನ್ನೇ. ಯಾರಿಗೂ ಪೆಟ್ಟು ಬೀಳದಿದ್ದರೂ ಭಾವಹಿಂಸೆ ಆಗುತ್ತದೆ.

ಇನ್ನೊಂದು ತತ್ವ ವ್ಯಾಪಾರಿಗಳಿಗೆ ನೇರವಾಗಿ ಸಂಬಂಧಿಸಿದ್ದು. ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳ ಪಟ್ಟಿ ನ್ಯಾಯೋಪಾತ್ತ ಧನದಿಂದ, ಎಂದರೆ ನ್ಯಾಯದಿಂದ ಗಳಿಸಿದ ಹಣದಿಂದ ಆರಂಭವಾಗುತ್ತದೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ 35 ಗುಣಗಳಲ್ಲಿ ನ್ಯಾಯಸಂಪನ್ನ ವಿಭವವನ್ನೇ ಮೊದಲು ಹೇಳುತ್ತದೆ. ಪೂಜಾವಿಧಿಯಲ್ಲಿ ವ್ಯತ್ಯಾಸವಿರಬಹುದು. ಗಳಿಕೆಯ ವಿಷಯದಲ್ಲಿ ಎರಡೂ ಪರಂಪರೆಗಳದ್ದು ಒಂದೇ ಮಾತು. ರೈತ ಹತ್ತಿ ಮಾರಿದರೆ ರೈತನಿಗೆ ರೊಕ್ಕ, ಕೊಂಡವನಿಗೆ ಮಾಲು, ದಲಾಲನಿಗೆ ದುಡಿಮೆಯ ಪಾಲು. ಮೂವರೂ ಏನನ್ನೋ ಪಡೆದು ಎದ್ದುಹೋಗುತ್ತಾರೆ. ಜೂಜಿನಲ್ಲಿ ಒಬ್ಬನ ನಷ್ಟವೇ ಇನ್ನೊಬ್ಬನ ಲಾಭ. 1957ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ, ಅದಕ್ಕಿಂತ ಏಳು ಶತಮಾನ ಮೊದಲು ಆಶಾಧರರು ಹೇಳಿದ್ದೂ ಇದಕ್ಕೆ ಹೊಂದುತ್ತದೆ.

ಪಾಪವು ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಯಿಂದ ಬರುತ್ತದೆ. ಆಡುವುದು ಕೃತ. ಆಡಿಸುವುದು ಕಾರಿತ. ಅದಕ್ಕೆ ಮೆಚ್ಚಿ ಒಪ್ಪುವುದು ಅನುಮೋದನ. ಕ್ಲಬ್ಬಿಗೆಂದು ಗೊತ್ತಿದ್ದೂ ಹೆಚ್ಚು ಬಾಡಿಗೆಯ ಆಸೆಗೆ ಮಳಿಗೆ ಕೊಡುವವರು, ಜೂಜಿಗೆಂದು ಗೊತ್ತಿದ್ದೂ ಬಡ್ಡಿಗೆ ಸಾಲ ಕೊಡುವವರು ತಾವು ಯಾವ ದಾರಿಯಲ್ಲಿದ್ದೇವೆ ಎಂದು ವಿಚಾರಿಸಿಕೊಳ್ಳಬೇಕು.

ಮನೆಯೊಳಗಿನ ಜೂಜು

ಕ್ಯಾಸಿನೊ ಬೇಡವೆಂದು ಮನವಿಪತ್ರ ಕೊಡುವುದು ಸುಲಭ. ಅದಕ್ಕೆ ಮೊದಲು ಸಮಾಜ ತನ್ನ ಮನೆಯನ್ನು ನೋಡಿಕೊಳ್ಳಬೇಕು. ದೀಪಾವಳಿ ಅಮಾವಾಸ್ಯೆ ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ದಿನ. ಬೆಳಗಿನ ಜಾವ ಬಸದಿಯಲ್ಲಿ ನಿರ್ವಾಣ ಲಾಡು ಅರ್ಪಿಸಿ, ಸಂಜೆ ಹೊಸ ಖಾತೆಪುಸ್ತಕಕ್ಕೆ ಪೂಜೆ ಮಾಡಿ, ರಾತ್ರಿ ಶಕುನಕ್ಕೆಂದು ಇಸ್ಪೀಟು ಹಿಡಿದು ಕೂಡುವ ರೂಢಿ ಕೆಲವು ವ್ಯಾಪಾರಿ ಮನೆಗಳಲ್ಲಿದೆ. ಮಕ್ಕಳು ಮೊದಲ ಪಣ ಕಟ್ಟುವುದನ್ನು ಕಲಿಯುವುದು ಅಂಥ ರಾತ್ರಿಗಳಲ್ಲಿ, ಹಿರಿಯರ ಪಕ್ಕದಲ್ಲಿ ಕುಳಿತು.

ಇನ್ನೊಂದು ಷೇರುಪೇಟೆಯ ಫ್ಯೂಚರ್ಸ್, ಆಪ್ಷನ್ಸ್. ಮಾಲು ಇರುವ ವ್ಯಾಪಾರಿ ಬೆಲೆ ಕುಸಿತದಿಂದ ಕಾಪಾಡಿಕೊಳ್ಳಲು ಇವನ್ನು ಬಳಸುವುದು ಬೇರೆ ಮಾತು. ಮಾಲೂ ಇಲ್ಲದೆ ತಿಳಿವಳಿಕೆಯೂ ಇಲ್ಲದೆ ಮೊಬೈಲಿನಲ್ಲಿ ದಿನವಿಡೀ ಕಟ್ಟುವುದು ಸಟ್ಟಾ ಅಲ್ಲದೆ ಬೇರೇನು? ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ಹಣಕಾಸು ವರ್ಷಗಳಲ್ಲಿ ಇಂಥ ವಹಿವಾಟು ಮಾಡಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 93ರಷ್ಟು ಜನ ನಷ್ಟ ಅನುಭವಿಸಿದರು. ಒಟ್ಟು ನಷ್ಟ ₹1.8 ಲಕ್ಷ ಕೋಟಿ ಮೀರಿತ್ತು.

ಮಾಡಬಹುದಾದ್ದೇನು?

ದೀಪಾವಳಿ ರಾತ್ರಿಯ ಇಸ್ಪೀಟನ್ನು ಹಿರಿಯರೇ ಮೊದಲು ಬಿಡುವುದು. ಬಸದಿ, ಸ್ಥಾನಕಗಳ ಪಾಠಶಾಲೆಯಲ್ಲಿ ಸಪ್ತವ್ಯಸನವನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ 37 ಮನೆಗಳ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿ ತೋರಿಸುವುದು. ಲೆಕ್ಕ ತಿಳಿದ ಹುಡುಗನಿಗೆ ಉಪದೇಶ ಬೇಗ ಹಿಡಿಯುತ್ತದೆ. ಮಳಿಗೆ ಬಾಡಿಗೆ ಕರಾರಿನಲ್ಲಿ ಜೂಜಿಗೆ ಬಳಸಬಾರದೆಂಬ ಒಂದು ಸಾಲು ಸೇರಿಸುವುದು.

ಈಗಾಗಲೇ ಸಿಕ್ಕಿಬಿದ್ದವರನ್ನು ಹೀನವಾಗಿ ಕಾಣಬಾರದು. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಸಾಲ ಮುಚ್ಚಿಟ್ಟುಕೊಂಡು ಒಳಗೇ ಬೇಯುವವರು ಜೀವಕ್ಕೆ ಅಪಾಯ ತಂದುಕೊಂಡಾರು. ಮನೆಯವರು ಸಾಲ ತೀರಿಸಿಬಿಟ್ಟರೆ ಚಟ ಹೋಗುವುದಿಲ್ಲ. ಚಿಕಿತ್ಸೆಯೂ ಬೇಕು, ರೊಕ್ಕದ ವ್ಯವಹಾರ ಕೆಲಕಾಲ ಬೇರೆಯವರ ಕೈಯಲ್ಲಿರಲೂ ಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಗದಗಿನವರಿಗೆ ವೈದ್ಯಕೀಯ ಕಾಲೇಜು ಆಸ್ಪತ್ರೆ ಇಲ್ಲೇ ಮಲ್ಲಸಮುದ್ರದಲ್ಲಿದೆ.

ಕ್ಯಾಸಿನೊ ಬೆಂಗಳೂರಿಗೆ ಬರುವುದೋ ಬಿಡುವುದೋ ವಿಧಾನಸೌಧದ ತೀರ್ಮಾನ. ಮನೆಗೆ ಬಾರದಂತೆ ನೋಡಿಕೊಳ್ಳುವುದು ಶ್ರಾವಕ ಶ್ರಾವಿಕೆಯರ ತೀರ್ಮಾನ. ಅದಕ್ಕೆ ಯಾರ ಪರವಾನಗಿಯೂ ಬೇಕಿಲ್ಲ.

ಜೈ ಜಿನೇಂದ್ರ.